ನೂರ ನಲವತ್ತಮೂರನೆಯ ಮನೆ

ಸಂಜೆ ನಾಲ್ಕು ಇಪ್ಪತ್ತು. ಕೆಳಬೀದಿಯ ನೂರ ನಲವತ್ತಮೂರು ಮನೆಗಳಲ್ಲಿ ನೂರ ನಲವತ್ತೆರಡರ ನಂಬರ್ ಫಲಕಗಳು ಕಾಣೆಯಾಗಿದ್ದವು.

ಮೊದಲು ಗಮನಿಸಿದವನು ಗಾರೆ ಮೇಸ್ತ್ರಿ. ಪುರಸಭೆಯ ಸಭಾಂಗಣದಲ್ಲಿ ಸಂಸಾರ ಸಮೇತ ಫೋಟೋ ತೆಗೆಸಿಕೊಂಡು ಬಂದವನು ಬೀಗಕ್ಕೆ ಕೀಲಿಕೈ ಹಾಕುತ್ತ ತಲೆಯೆತ್ತಿದ. ಬಾಗಿಲ ಮೇಲೆ ನೀಲಿ ತಗಡು, ಅದರಲ್ಲಿ ಬಿಳಿ ಅಕ್ಷರದ ಹನ್ನೆರಡು ಇರಬೇಕಿತ್ತು. ಇರಲಿಲ್ಲ. ಎರಡು ಸ್ಕ್ರೂಗಳ ತಲೆಗಳು ಮಾತ್ರ ಗೋಡೆಗೆ ಅಂಟಿಕೊಂಡು ಹೊಳೆಯುತ್ತಿದ್ದವು.

ಪಕ್ಕದ ಮನೆ ನೋಡಿದ. ಇಲ್ಲ. ಎದುರು ಮನೆ. ಇಲ್ಲ.

ಐದು ನಿಮಿಷದಲ್ಲಿ ಇಡೀ ಬೀದಿ ತಂತಮ್ಮ ಬಾಗಿಲ ಮುಂದೆ ತಲೆಯೆತ್ತಿ ನಿಂತಿತ್ತು.

ಕದ್ದದ್ದು ತಗಡು. ಹೋದದ್ದು ಬೇರೆ. ಆ ಬೀದಿಯಲ್ಲಿ ಜನ ಮೂವತ್ತು ವರ್ಷದಿಂದ ಇದ್ದಾರೆ. ಪುರಸಭೆಯ ನಕ್ಷೆಯಲ್ಲಿ ಮಾತ್ರ ಅದು ‘ಖಾಲಿ ಜಾಗ’. ಖಾಲಿ ಜಾಗಕ್ಕೆ ನಲ್ಲಿ ಇಲ್ಲ, ಚರಂಡಿ ಇಲ್ಲ, ಬೀದಿದೀಪ ಇಲ್ಲ. ಹೆಂಗಸರು ಕೊಡ ಹೊತ್ತು ಹೆದ್ದಾರಿ ದಾಟಿ ನೀರು ತರುತ್ತಾರೆ. ಹೋದ ವರ್ಷ ಹಾಗೆ ದಾಟುವಾಗ ಒಬ್ಬಳು ಲಾರಿಗೆ ಸಿಕ್ಕಳು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮೇಲಿನ ಸರ್ಕಾರದ ತಪಾಸಣಾ ತಂಡ ಬರಲಿತ್ತು. ಅವರ ಸುತ್ತೋಲೆಯಲ್ಲಿ ಸ್ಪಷ್ಟವಾಗಿತ್ತು: ಮುದ್ರೆಯಿರುವ ನಂಬರ್ ಫಲಕ ಗೋಡೆಯ ಮೇಲಿದ್ದ ಮನೆಯನ್ನಷ್ಟೇ ಎಣಿಸತಕ್ಕದ್ದು. ಎಣಿಸಿದ ಬೀದಿಗೆ ನೀರಿನ ಕೊಳವೆ. ಎಣಿಸದ ಬೀದಿ ಮುಂದಿನ ಎಣಿಕೆಗೆ ಕಾಯಬೇಕು. ಮುಂದಿನ ಎಣಿಕೆ ಐದು ವರ್ಷದ ನಂತರ. ಹೊಸ ಫಲಕ ಮುದ್ರೆಯಾಗಿ ಬರಲು ಮೂರು ವಾರ.

ಒಂದು ಫಲಕ ಮಾತ್ರ ಉಳಿದಿತ್ತು. ನೂರ ನಲವತ್ತಮೂರು. ಬೀದಿಯ ನಡುವೆ, ಎಂಬತ್ತೇಳು ಮತ್ತು ಎಂಬತ್ತೆಂಟರ ನಡುವಿನ ಓಣಿಯೊಳಗೆ, ಇಸ್ತ್ರಿ ಅಜ್ಜಿಯ ಬಾಗಿಲ ಮೇಲೆ.

ಅಜ್ಜಿಯ ಅಳಿಯ ಗುಜರಿ ವ್ಯಾಪಾರಿ. ಬೀದಿಗೆ ಇಷ್ಟು ಸಾಕಾಯಿತು.

*

ಪುರಸಭೆಯ ದೂರು ವಿಚಾರಣಾಧಿಕಾರಿ ಬಂದಾಗ ಐದು ಗಂಟೆ. ಐವತ್ತೆರಡು ವರ್ಷದ ಹೆಂಗಸು; ಯಾರು ಏನು ಹೇಳಿದರೂ ಪೆನ್ಸಿಲ್‌ನಲ್ಲೇ ಬರೆದುಕೊಳ್ಳುತ್ತಿದ್ದುದರಿಂದ ಕಚೇರಿಯಲ್ಲಿ ಅವರ ಹೆಸರು ಪೆನ್ಸಿಲ್ ಮೇಡಂ. ಜನ ಮಾತು ಬದಲಿಸುತ್ತಾರೆ, ಅಳಿಸಲು ಅನುಕೂಲ ಎನ್ನುತ್ತಿದ್ದರು. ಜೊತೆಗಿದ್ದವಳು ಸಮೀಕ್ಷಕಿ. ನಾಲ್ಕು ತಿಂಗಳು ಮನೆಮನೆ ಸುತ್ತಿ, ಪಟ್ಟಿ ಮಾಡಿ, ಜಗಳವಾಡಿ ಆ ಫಲಕಗಳನ್ನು ತರಿಸಿ ಹಾಕಿಸಿದವಳು ಅವಳೇ. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಪೊಲೀಸಿಗೆ ಹೇಳಿದಿಯಾ?”

“ಹೇಳ್ದೆ ಮೇಡಂ. ತಗಡಿಗೆಲ್ಲ ಕೇಸ್ ಬರೆಯೋಕಾಗುತ್ತಾ ಅಂದ್ರು. ನಕ್ಕರು.”

“ನಗಲಿ. ಮಧ್ಯಾಹ್ನ ಬೀದಿಯಲ್ಲಿ ಯಾರಿದ್ದರು?”

“ಇಸ್ತ್ರಿ ಅಜ್ಜಿ, ಒಬ್ಬ ಬಾಣಂತಿ ಬಿಟ್ರೆ ಯಾರೂ ಇಲ್ಲ. ಎರಡು ಗಂಟೆಗೆ ಎಲ್ಲರನ್ನೂ ಫೋಟೋಗೆ ಕರೆದಿದ್ದೆ. ಗುರುತಿನ ಚೀಟಿಗೆ.”

“ಕರೆದ ವಿಷಯ ಯಾರಿಗೆ ಗೊತ್ತಿತ್ತು?”

“ಎಲ್ಲ ವಿಭಾಗಕ್ಕೂ ನೋಟಿಸ್ ಹೋಗಿತ್ತು. ಬೀದಿ ತುದೀಲೂ ಅಂಟಿಸಿದ್ದೆ.” ಮೂಗು ಒರೆಸಿಕೊಂಡು ಹೇಳಿದಳು, “ಬೀದಿ ಖಾಲಿ ಮಾಡ್ಸಿದ್ದು ನಾನೇ ಆದೆ ಮೇಡಂ.”

“ಅಳೋದು ನಾಳೆ ಹನ್ನೊಂದರ ಮೇಲೆ. ಈಗ ಪಟ್ಟಿ ಕೊಡು. ಯಾವ ಮನೆಗೆ ಯಾವ ನಂಬರ್ ಅಂತ ಇರೋದು.”

ಸಮೀಕ್ಷಕಿ ಚೀಲದಿಂದ ಪಟ್ಟಿಯನ್ನೂ ಟಪಾಲು ಪುಸ್ತಕವನ್ನೂ ತೆಗೆದಳು.

“ಈ ಅಜ್ಜಿ ಮನೆ ಎಂಬತ್ತೆಂಟರ ಪಕ್ಕದಲ್ಲಿದೆ. ನಂಬರ್ ಯಾಕೆ ನೂರ ನಲವತ್ತಮೂರು?”

“ಮೊದಲ ಸಲ ಬಂದಾಗ ಬೀಗ ಹಾಕಿತ್ತು. ಅಜ್ಜಿ ಕಾಲು ಮುರ್ಕೊಂಡು ಆಸ್ಪತ್ರೇಲಿದ್ರು. ಆಮೇಲೆ ಸೇರಿಸಿದ್ದು. ಮಧ್ಯೆ ತುರುಕಿದ್ರೆ ಎಲ್ಲಾ ನಂಬರೂ ಬದಲಾಗುತ್ತೆ, ಅದಕ್ಕೆ ಕೊನೇ ನಂಬರ್ ಕೊಟ್ಟೆ. ಹೊಸ ಪಟ್ಟಿ ಟೈಪ್ ಮಾಡ್ಸಿ ಎಲ್ಲ ವಿಭಾಗಕ್ಕೂ ತಗೊಂಡು ಹೋಗಿದ್ದೆ.”

ಪೆನ್ಸಿಲ್ ಮೇಡಂ ಟಪಾಲು ಪುಸ್ತಕವನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ಓಣಿಯತ್ತ ನಡೆದರು.

*

ಓಣಿಯಲ್ಲಿ ಇಪ್ಪತ್ತು ಜನ ಸೇರಿದ್ದರು. ಗಾರೆ ಮೇಸ್ತ್ರಿ ಎಲ್ಲರ ಮುಂದೆ. ಬಾಗಿಲಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿ ಮಣೆಯ ಮೇಲೆ ಕೂತಿದ್ದಳು. ಕಣ್ಣಿನಲ್ಲಿ ಪೊರೆ. ಬಾಗಿಲ ಪಕ್ಕದಲ್ಲಿ ಅಳಿಯ ಕೈಕಟ್ಟಿ ನಿಂತಿದ್ದ. ಅಂಗಿಯ ಒಂದು ತೋಳು ಹರಿದಿತ್ತು—ಆಗಷ್ಟೇ ಹರಿದದ್ದು.

“ನೀವೇ ಕೇಳಿ ಮೇಡಂ,” ಮೇಸ್ತ್ರಿ ಹೇಳಿದ. “ಎಲ್ಲರ ಮನೇದೂ ಹೋಗಿದೆ. ಇವರದ್ದು ಮಾತ್ರ ಜೋಪಾನ. ಕಳ್ಳನಿಗೆ ಇವರ ಮೇಲೆ ಮಾತ್ರ ಅಷ್ಟು ಪ್ರೀತಿ ಯಾಕೆ?”

“ಅಳಿಯ ತನ್ನ ಮನೆ ತಗಡು ಬಿಟ್ಟು ಊರ ತಗಡು ಮಾರ್ಕೊಂಡ,” ಹಿಂದಿನಿಂದ ಇನ್ನೊಬ್ಬಳು.

“ಎಲ್ಲಿ ಮಾರಿದ?” ಪೆನ್ಸಿಲ್ ಮೇಡಂ ಕೇಳಿದರು. “ನೋಡಿದವರು ಯಾರು?”

ಅವರು ಅಳಿಯನ ಕಡೆ ತಿರುಗಿದರು.

“ಎರಡರಿಂದ ನಾಲ್ಕರವರೆಗೆ ಎಲ್ಲಿದ್ದೆ?”

“ಫೋಟೋ ಸಾಲಲ್ಲಿ. ಇದೇ ಮೇಸ್ತ್ರಿ ಮುಂದೆ. ಹಿಂದೆ ನಿಂತು ಬೆನ್ನಿಗೆ ಕೊಡೆ ಚುಚ್ತಾ ಇದ್ದ.”

ಮೇಸ್ತ್ರಿ ನೆಲ ನೋಡಿದ. “ಇವನು ಇದ್ದ. ಇವನ ಕೂಲಿಯವರು ಇಲ್ವಾ?”

“ನನಗೆ ಕೂಲಿಯವರು!” ಅಳಿಯ ನಕ್ಕ. ಒಳ್ಳೆಯ ನಗುವಲ್ಲ. “ತಳ್ಳುಗಾಡಿ ಒಂದಿದೆ, ಅದರ ಚಕ್ರಾನೂ ನಂದಲ್ಲ. ಮೇಡಂ, ನಾನು ಒಂದು ಮಾತು ಹೇಳ್ಲಾ? ಬೈಬೇಡಿ.”

“ಹೇಳು.”

“ಆ ಪ್ಲೇಟು ಪಾಪರ್ ತಗಡು. ಊದಿದ್ರೆ ಹಾರುತ್ತೆ. ಹತ್ತು ಕೂಡಿಸಿದ್ರೂ ತಕ್ಕಡಿ ಅಲ್ಲಾಡಲ್ಲ. ಆದ್ರೆ ಸ್ಕ್ರೂ ಹಿತ್ತಾಳೆ. ತುಕ್ಕು ಹಿಡೀಬಾರ್ದು ಅಂತ ಈ ಅಕ್ಕ ಜಗಳ ಆಡಿ ಹಿತ್ತಾಳೇದೇ ಹಾಕ್ಸಿದ್ರು. ನಾನು ಕದಿಯೋದಾದ್ರೆ ಸ್ಕ್ರೂ ಕದ್ದು ಪ್ಲೇಟು ಬಿಟ್ಟು ಹೋಗ್ತಿದ್ದೆ. ಇಲ್ಲಿ ನೋಡಿದ್ರೆ ಯಾವನೋ ಪ್ಲೇಟು ತಗೊಂಡು ಸ್ಕ್ರೂ ಮತ್ತೆ ಗೋಡೆಗೇ ಹಾಕಿ ಹೋಗಿದ್ದಾನೆ. ಇಂಥ ಪೆದ್ದ ನಮ್ಮ ಕಸಬಲ್ಲಿ ಒಂದು ವಾರ ಬದುಕಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಪೆನ್ಸಿಲ್ ಮೇಡಂ ನಗಲಿಲ್ಲ. ಎಂಬತ್ತೇಳರ ಗೋಡೆಯ ಹತ್ತಿರ ಹೋಗಿ ಸ್ಕ್ರೂಗಳ ಮೇಲೆ ಬೆರಳಾಡಿಸಿದರು. ಎರಡನ್ನೂ ಕೊನೆಯವರೆಗೆ ತಿರುಗಿಸಿ, ಗೋಡೆಗೆ ಸಮವಾಗಿ ಕೂರಿಸಿದ್ದರು. ಎಂಬತ್ತೆಂಟರಲ್ಲೂ ಹಾಗೇ. ಎದುರಿನ ಹತ್ತು ಮನೆ ನೋಡಿ ಬಂದರು. ಎಲ್ಲ ಕಡೆಯೂ ಹಾಗೇ.

ಮತ್ತೆ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಅಜ್ಜಿ, ಮಧ್ಯಾಹ್ನ ನೀವು ಮನೇಲಿದ್ರಿ.”

“ಈ ಕಾಲು ಇಟ್ಕೊಂಡು ಎಲ್ಲಿ ಹೋಗ್ಲಿ ತಾಯಿ? ಫೋಟೋದವರು ಮನೆಗೇ ಬರ್ತಾರಂತೆ. ರಾಣಿ ನಾನು.”

“ಏನಾದರೂ ಸದ್ದು ಕೇಳಿಸ್ತಾ?”

“ಏಣಿ ಸದ್ದು. ಗೋಡೆಗೆ ಒರಗಿಸೋದು, ತೆಗೆಯೋದು, ಮತ್ತೆ ಒರಗಿಸೋದು. ಗಾಡಿ ಉರುಳೋ ಸದ್ದು. ಮೂರು ದಿನದ ಹಿಂದೆ ಪ್ಲೇಟು ಹಾಕಿದವರೇ ಮತ್ತೆ ಬಂದು ಬಿಗಿ ಮಾಡ್ತಿದ್ದಾರೆ ಅನ್ಕೊಂಡೆ.”

“ಮಾತು?”

“ಒಬ್ಬ ನಂಬರ್ ಓದ್ತಿದ್ದ. ಇನ್ನೊಬ್ಬ ‘ಆಯ್ತು’ ಅಂತಿದ್ದ. ಆಮೇಲೆ ಒಬ್ಬ ಇಲ್ಲಿಗೇ ಬಂದ. ಅಜ್ಜೀ, ಕುಡಿಯೋಕೆ ನೀರು ಅಂದ.”

ಜನರ ನಡುವೆ ಗುಜುಗುಜು ಎದ್ದಿತು.

“ನೀರೂ ಕೊಟ್ಟೆಯಾ?” ಮೇಸ್ತ್ರಿಯ ದನಿ ಏರಿತು. “ನಮ್ಮ ಮನೆ ದೋಚ್ತಿದ್ದವನಿಗೆ ಕೂತು ನೀರು ಕೊಟ್ಟೆಯಾ?”

“ಕೊಟ್ಟೆ ಕಣಪ್ಪ. ನಾನು ಕೊಟ್ಟಿದ್ದು ಎರಡು ಲೋಟ ನೀರು, ಊರು ಬರ್ಕೊಟ್ಟಿಲ್ಲ. ಬಾಯಾರಿ ಬಂದವನನ್ನ ಜಾತಕ ಕೇಳ್ಲಾ?”

“ಮುಖ ನೋಡಿದಿರಾ?” ಪೆನ್ಸಿಲ್ ಮೇಡಂ ಕೇಳಿದರು.

“ನನಗೆ ಮುಖ ಎಲ್ಲಾ ಒಂದೇ, ಬೆಳ್ಳಗೆ ಮೋಡ. ಎತ್ತರ ಇದ್ದ. ಬಗ್ಗಿ ಬಾರಪ್ಪ, ಮೇಲೆ ಪ್ಲೇಟಿದೆ ಅಂದೆ. ಕೇಳಲಿಲ್ಲ. ಟಣ್ ಅಂತು. ‘ಅಯ್ಯೋ’ ಅಂತ ಹಣೆ ಉಜ್ಕೊಂಡ.”

ಎಲ್ಲರೂ ತಲೆಯೆತ್ತಿದರು. ಅಜ್ಜಿಯ ಬಾಗಿಲು ಗಿಡ್ಡ. ನೂರ ನಲವತ್ತಮೂರನೆಯ ಫಲಕ ಎಡಗಡೆ ವಾಲಿತ್ತು.

“ತಲೆಗೆ ತಾಗಿದ ಪ್ಲೇಟು ಬಿಟ್ಟು ಏಣಿ ಹತ್ತಿ ಉಳಿದಿದ್ದೆಲ್ಲ ಕಿತ್ಕೊಂಡು ಹೋದ,” ಮೇಸ್ತ್ರಿ ಹೇಳಿದ. “ಇದನ್ನ ನಾವು ನಂಬಬೇಕು.”

“ನಂಬು,” ಪೆನ್ಸಿಲ್ ಮೇಡಂ ಎದ್ದರು. “ಇಡೀ ಬೀದೀಲಿ ಇವತ್ತು ನಾನು ಕೇಳಿದ ಮಾತುಗಳಲ್ಲಿ ತುಂಬಾ ಮುಖ್ಯವಾದದ್ದು ಇದೇ. ಮತ್ತೆ ಆ ಹುಡುಗನ ಅಂಗಿ ಹರಿದವರು ಯಾರೋ, ಹೊಲಿಸಿಕೊಡಿ.”

*

ಬೀದಿಯ ಬೆನ್ನಿಗೆ ಲಾರಿ ಶೆಡ್ಡು. ಯಜಮಾನ ಚಕ್ರದ ಟ್ಯೂಬಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಕೆಳಬೀದಿ ಎದ್ದುಹೋದರೆ ಅಲ್ಲಿ ಲಾರಿ ನಿಲ್ದಾಣ ಆಗುತ್ತದೆಂದು ಆತ ಎರಡು ವರ್ಷದಿಂದ ಹೇಳಿಕೊಂಡು ತಿರುಗುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು.

“ಬರ್ತೀರಿ ಅಂತ ಗೊತ್ತಿತ್ತು,” ಎಂದ. “ಆ ಬೀದೀಲಿ ಸೊಳ್ಳೆ ಕಚ್ಚಿದ್ರೂ ನಾನೇ ಬಿಟ್ಟಿದ್ದು.”

“ಫಲಕ ತೆಗೆಸಿದ್ದು ನೀವಾ?”

“ನನ್ನ ಹುಡುಗರನ್ನ ನೋಡಿ.” ಗ್ರೀಸಿನ ಕೈಗಳ ನಾಲ್ವರು ಆಕ್ಸಲ್ ಒಂದನ್ನು ಸಲಾಕೆಯಿಂದ ಮೀಟುತ್ತಿದ್ದರು. “ಇವರಿಗೆ ಸ್ಕ್ರೂಡ್ರೈವರ್ ಹಿಡಿದು ಮೆಲ್ಲಗೆ ತಿರುಗಿಸೋ ಸಹನೆ ಇದೆಯಾ? ನಾನು ಹೇಳಿದ್ರೆ ಬಾಗಿಲ ಚೌಕಟ್ಟೇ ಬರ್ತಿತ್ತು. ಮತ್ತೆ ನಾನು ಯಾಕೆ ಕದೀಲಿ? ಕಾಗದ ನನ್ನ ಕಡೆ ಇದೆ.”

ಗೋಡೆಯ ಮೇಲೆ ನಕ್ಷೆಯ ನಕಲು ಅಂಟಿಸಿತ್ತು. ಕೆಳಬೀದಿ ಇರುವಲ್ಲಿ ಬಿಳಿ ಚೌಕ. ಅದರೊಳಗೆ: ‘ಸ್ಥಳ ಪರಿಶೀಲಿಸಲಾಗಿದೆ. ಖಾಲಿ ಜಾಗ.’ ಕೆಳಗೆ ಪುರಸಭೆಯ ಯೋಜನಾಧಿಕಾರಿಯ ಸಹಿ, ಆರು ವರ್ಷದ ಹಿಂದಿನ ತಾರೀಕು.

“ಅಲ್ಲಿ ಜನ ಇರೋದು ನಿಮಗೆ ಗೊತ್ತಿಲ್ವಾ?” ಸಮೀಕ್ಷಕಿ ತಡೆಯಲಾರದೆ ಕೇಳಿದಳು. “ದಿನಾ ಬೆಳಿಗ್ಗೆ ಆ ಹೆಂಗಸರು ನಿಮ್ಮ ಶೆಡ್ಡಿನ ಮುಂದೇನೇ ಕೊಡ ಹೊತ್ತು ಹೋಗ್ತಾರೆ.”

“ನನಗೆ ಗೊತ್ತಮ್ಮ. ನಕ್ಷೆಗೆ ಗೊತ್ತಿಲ್ಲ. ನಕ್ಷೆ ಬರೆದಿದ್ದು ನಾನಲ್ಲ, ನಿಮ್ಮ ಕಚೇರಿ.”

ಅವಳು ಚೀಲ ಹೆಗಲಿಗೇರಿಸಿ ಹೊರನಡೆದಳು.

ಕಚೇರಿಗೆ ಹಿಂದಿರುಗುವ ದಾರಿಯಲ್ಲಿ ಪೆನ್ಸಿಲ್ ಮೇಡಂ ಬಸ್ ನಿಲ್ದಾಣದ ಗೋಡೆಯ ಮುಂದೆ ನಿಂತರು. ಹೋದ ವಾರದವರೆಗೆ ಅಲ್ಲಿ ಟ್ಯೂಷನ್ ತರಗತಿಗಳ, ಹಲ್ಲಿನ ವೈದ್ಯರ ಬೋರ್ಡುಗಳಿದ್ದವು. ಈಗ ಬರಿಗೋಡೆ. ಅವರು ಗೋಡೆಯ ಮೇಲೆ ಅಂಗೈ ಇಟ್ಟು ಉದ್ದಕ್ಕೂ ಸವರಿದರು.

“ಏನು ಹುಡುಕ್ತಿದ್ದೀರಿ ಮೇಡಂ?”

“ಏನಾದರೂ ಚುಚ್ಚುತ್ತಾ ಅಂತ.”

“ಚುಚ್ಚಿತಾ?”

“ಇಲ್ಲ.”

*

ಯೋಜನಾಧಿಕಾರಿ ಆರೂವರೆಗೆ ಮನೆಗೆ ಹೊರಟಿದ್ದರು. ಮೇಜಿನ ಮೇಲೆ ಒಂದು ಕಾಗದವೂ ಇರಲಿಲ್ಲ. ಗಾಜಿನ ಮೇಲೆ ಬಣ್ಣದ ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟಿದ್ದರು.

“ಕೆಳಬೀದಿ?” ಹುಬ್ಬು ಏರಿಸಿದರು. “ಅಂಥ ಬೀದಿ ನಮ್ಮ ನಕ್ಷೆಯಲ್ಲಿ ಇಲ್ಲವಲ್ಲ ಮೇಡಂ.”

“ನಕ್ಷೆಯಲ್ಲಿ ಇಲ್ಲ. ಊರಲ್ಲಿ ಇದೆ. ಅಲ್ಲಿನ ಫಲಕಗಳು ಹೋಗಿವೆ.”

“ಕೇಳಿದೆ. ಪಾಪ. ಅಂಥ ಕಡೆ ಕಳ್ಳತನ ಜಾಸ್ತಿ.”

“ನಿಮ್ಮ ಸಿಬ್ಬಂದಿ ಯಾರಾದರೂ ಇವತ್ತು ಆ ಕಡೆ ಹೋಗಿದ್ದರಾ?”

“ನಮಗೆ ಅಲ್ಲಿ ಏನು ಕೆಲಸ?”

“ಫಲಕಗಳ ಪಟ್ಟಿ ನಿಮ್ಮ ಬಳಿ ಇದೆಯಾ?”

“ನಾನು ಯಾವ ಪಟ್ಟಿಯನ್ನೂ ನೋಡಿಲ್ಲ.” ಛತ್ರಿ ಕೈಗೆತ್ತಿಕೊಂಡರು. “ಒಂದು ಉಳಿದಿದೆಯಂತೆ. ನಾಳೆ ತಂಡದವರು ಒಂದು ಮನೆ ಎಣಿಸಿಕೊಳ್ಳಬಹುದು. ಸೊನ್ನೆಗಿಂತ ವಾಸಿ.”

ಸಮೀಕ್ಷಕಿ ಏನೋ ಹೇಳಲು ಬಾಯಿ ತೆರೆದಳು. ಪೆನ್ಸಿಲ್ ಮೇಡಂ ಅವಳ ಮೊಣಕೈ ಹಿಡಿದರು.

ಹೊರಗೆ ಬಂದ ಮೇಲೆ ಅವಳು ಸಿಡಿದಳು. “ಸೊನ್ನೆಗಿಂತ ವಾಸಿಯಂತೆ. ಅಲ್ಲಿ ಆರುನೂರು ಜನ ಇದ್ದಾರೆ ಮೇಡಂ. ಇವರು ಆರು ವರ್ಷದಲ್ಲಿ ಒಂದು ಸಲ ಕಾಲಿಟ್ಟಿದ್ರೆ ನಾನು ಈ ನಾಲ್ಕು ತಿಂಗಳು ತಿರುಗಬೇಕಿರಲಿಲ್ಲ. ಲಾರಿಗೆ ಸಿಕ್ಕಿದ ಆ ಹೆಂಗಸು ರಸ್ತೆ ದಾಟಬೇಕಿರಲಿಲ್ಲ.”

“ನಿನ್ನ ಸಿಟ್ಟನ್ನ ಖರ್ಚು ಮಾಡಬೇಡ,” ಪೆನ್ಸಿಲ್ ಮೇಡಂ ಹೇಳಿದರು. “ಬೆಳಿಗ್ಗೆ ಬೇಕಾಗುತ್ತೆ. ಮುಖ್ಯಾಧಿಕಾರಿಗೆ ಹೇಳು, ಎಂಟು ಮುಕ್ಕಾಲಿಗೆ ಅವರ ಕೋಣೆಯಲ್ಲಿ ಸೇರೋಣ. ಯೋಜನಾಧಿಕಾರಿಯೂ ಬರಲಿ. ಮೇಸ್ತ್ರಿಯೂ ಬರಲಿ, ಬೀದಿಯ ಪರವಾಗಿ.”

“ನೀವು?”

“ನಾನು ಏಳಕ್ಕೆ ಎದ್ದು ಸ್ವಲ್ಪ ನಡೆದಾಡಿ ಬರ್ತೀನಿ.”

*

ಎಂಟು ಮುಕ್ಕಾಲು. ಮುಖ್ಯಾಧಿಕಾರಿಯ ಕೋಣೆ. ಮೇಸ್ತ್ರಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಯೋಜನಾಧಿಕಾರಿ ಎರಡು ಸಲ ಗಡಿಯಾರ ನೋಡಿಕೊಂಡರು. ಸಮೀಕ್ಷಕಿ ಗೋಡೆಗೆ ಒರಗಿ ನಿಂತಿದ್ದಳು.

“ತಂಡ ಬರಲು ಇನ್ನು ಎರಡು ಗಂಟೆ ಹದಿನೈದು ನಿಮಿಷ ಇದೆ,” ಮುಖ್ಯಾಧಿಕಾರಿ ಹೇಳಿದರು. “ಫಲಕ ಸಿಕ್ಕಿವೆಯೇ?”

“ಸಿಕ್ಕಿವೆ. ಮೊದಲು ಯಾರು ತೆಗೆದರು ಅಂತ ಹೇಳ್ತೀನಿ, ಬೇಗ ಹೇಳ್ತೀನಿ.” ಪೆನ್ಸಿಲ್ ಮೇಡಂ ಪುಸ್ತಕ ತೆರೆದರು. “ಬೀದಿಯವರೆಲ್ಲ ಒಂದೇ ಪ್ರಶ್ನೆ ಕೇಳಿದರು. ಅಜ್ಜಿ ಮನೆಯ ಫಲಕ ಯಾಕೆ ಉಳಿಯಿತು? ಕೇಳಿದ್ದು ಸರಿ. ಉತ್ತರ ಮಾತ್ರ ಹತ್ತಿರ ಸಿಕ್ಕಿದ ಬಡವನ ಮೇಲೆ ಹಾಕಿದರು.”

ಮೇಸ್ತ್ರಿ ಕುರ್ಚಿಯಲ್ಲಿ ಅಲುಗಾಡಿದ.

“ಮರೆಯಲ್ಲಿತ್ತು, ಕಾಣಲಿಲ್ಲ ಅನ್ನೋಣವಾ? ಆಗಲ್ಲ. ಒಬ್ಬನ ಹಣೆಗೇ ತಾಗಿದೆ. ನೀರು ಕೊಟ್ಟಳು ಅಂತ ಕನಿಕರದಿಂದ ಬಿಟ್ಟರಾ? ಅದೇ ಸಾಲಿನ ತೊಂಬತ್ತೊಂದರಲ್ಲಿ ಬಾಣಂತಿ ಕೂಸಿಟ್ಟುಕೊಂಡು ಮಲಗಿದ್ದಳು. ಅಲ್ಲಿನ ಫಲಕ ತೆಗೆಯುವಾಗ ಕೂಸು ಏಳದ ಹಾಗೆ ಮೆಲ್ಲಗೆ ತೆಗೆದರಂತೆ, ಬೆಳಿಗ್ಗೆ ಅವಳೇ ಹೇಳಿದಳು. ಕನಿಕರ ಇತ್ತು. ಆದರೂ ತೆಗೆದರು. ಹಾಗಾದರೆ ಕಣ್ಣೆದುರಿನ ಫಲಕವನ್ನ ಮುಟ್ಟದೆ ಹೋಗೋದು ಎಂಥವನು?”

ಅವರು ಪುಸ್ತಕದ ಪುಟ ತಿರುಗಿಸಿದರು.

“ಪಟ್ಟಿ ಹಿಡಿದು ಕೆಲಸ ಮಾಡುವವನು. ಪಟ್ಟಿಯಲ್ಲಿ ಇರೋದನ್ನ ತೆಗೀತಾನೆ, ಇಲ್ಲದ್ದನ್ನ ಮುಟ್ಟಲ್ಲ. ಕಳ್ಳನಿಗೆ ಆ ಶಿಸ್ತು ಇಲ್ಲ. ಅದು ಸರ್ಕಾರಿ ನೌಕರನ ಶಿಸ್ತು. ಒಬ್ಬ ನಂಬರ್ ಓದಿದ, ಇನ್ನೊಬ್ಬ ಆಯ್ತು ಅಂದ. ಅಜ್ಜಿ ಹೇಳಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.”

“ನೌಕರರು ಮುನ್ನೂರು ಜನ ಇದ್ದಾರೆ,” ಯೋಜನಾಧಿಕಾರಿ ಹೇಳಿದರು.

“ಇದ್ದಾರೆ. ಅದಕ್ಕೇ ಸ್ಕ್ರೂ. ಫಲಕ ತೆಗೆದು ಸ್ಕ್ರೂ ಮತ್ತೆ ಗೋಡೆಗೆ ಸಮವಾಗಿ ಕೂರಿಸುವವರು ಮುನ್ನೂರರಲ್ಲಿ ಆರೇ ಮಂದಿ. ಹಿಂದೆ ಬ್ಯಾನರ್ ತೆಗೆದ ಗೋಡೆಯ ಮೊಳೆ ಶಾಲೆಗೆ ಹೋಗೋ ಮಗುವಿನ ಕೆನ್ನೆ ಸೀಳಿತ್ತು, ನೆನಪಿದೆಯಾ? ಅಂದಿನಿಂದ ಬೋರ್ಡ್ ತೆರವು ಮಾಡುವವರಿಗೆ ಆಜ್ಞೆಯಾಯಿತು: ಗೋಡೆಯಲ್ಲಿ ಏನೂ ಚುಚ್ಚುವಂತೆ ಬಿಡಬಾರದು. ಬಸ್ ನಿಲ್ದಾಣದ ಗೋಡೆ ನೋಡಿ ಬಂದೆ. ಒಂದು ಮೊಳೆಯೂ ಎದ್ದಿಲ್ಲ. ಅವರ ಕೈ ಈಗ ಹಾಗೇ ಕೆಲಸ ಮಾಡುತ್ತೆ.” ಅವರು ಬಾಗಿಲ ಕಡೆ ನೋಡಿದರು. “ಬಾಪ್ಪ ಒಳಗೆ.”

ಎತ್ತರದ ಮನುಷ್ಯನೊಬ್ಬ ಬಾಗಿಲಲ್ಲಿ ಟೋಪಿ ತೆಗೆದ. ಹಣೆಯ ಮೇಲೆ ಗುಲಗಂಜಿಯಷ್ಟು ಗಾಯ.

“ಯೋಜನಾ ವಿಭಾಗದ ಬೋರ್ಡ್ ತೆರವಿನ ಏಣಿ ಕೆಲಸದವನು,” ಪೆನ್ಸಿಲ್ ಮೇಡಂ ಹೇಳಿದರು. “ಬೆಳಿಗ್ಗೆ ಏಳೂವರೆಗೆ ಅಂಗಳದಲ್ಲಿ ಸಿಕ್ಕ. ನಿನ್ನೆ ಏನು ಕೆಲಸ ಮಾಡಿದೆ, ಇವರಿಗೂ ಹೇಳು.”

“ಅನಧಿಕೃತ ಫಲಕ ತೆರವು ಸಾರ್. ನೂರ ನಲವತ್ತೆರಡು. ಉಗ್ರಾಣದ ಹಿಂದಿನ ಕೋಣೇಲಿ ಇಟ್ಟಿದ್ದೀವಿ, ಗೋಣಿ ಹಾಸಿ. ಬಣ್ಣ ಹೋಗಬಾರ್ದಲ್ಲ.”

“ಯಾರು ಹೇಳಿದರು?” ಮುಖ್ಯಾಧಿಕಾರಿ ಕೇಳಿದರು.

ಆತ ಯೋಜನಾಧಿಕಾರಿಯತ್ತ ನೋಡಿದ. ನೋಡಿ ತಪ್ಪು ಮಾಡಿದವನಂತೆ ನೆಲ ನೋಡಿದ. “ನಮ್ಮ ಸಾಹೇಬ್ರು. ಪಟ್ಟಿ ಕೊಟ್ಟು, ಎರಡು ಗಂಟೆ ಮೇಲೆ ಹೋಗಿ, ಆಗ ಗಲಾಟೆ ಇರಲ್ಲ ಅಂದ್ರು. ಹೊಸದು ಬರುತ್ತೆ, ಅದಕ್ಕೆ ಹಳೇದು ತೆಗೀಬೇಕು ಅಂದ್ರು.”

“ಅಜ್ಜಿ ಮನೇದು ಯಾಕೆ ತೆಗೀಲಿಲ್ಲ?”

“ಪಟ್ಟೀಲಿ ಇರಲಿಲ್ಲ ಸಾರ್. ಪಟ್ಟೀಲಿಲ್ಲದ್ದು ಮುಟ್ಟಿದ್ರೆ ಮೆಮೊ ಕೊಡ್ತಾರೆ. ಹಿಂದೆ ಒಂದ್ಸಲ ಡಾಕ್ಟರ ಬೋರ್ಡು ತೆಗೆದು ಉಗಿಸಿಕೊಂಡಿದ್ದೀವಿ.”

ಯೋಜನಾಧಿಕಾರಿ ಕೆಮ್ಮಿದರು. “ಕೂಲಿ ಆಳಿನ ಮಾತು. ಯಾರ ಪಟ್ಟಿಯೋ, ಯಾರು ಕೊಟ್ಟರೋ. ಪಟ್ಟಿ ಪುರಸಭೆಯಲ್ಲೆಲ್ಲ ಓಡಾಡಿದೆ.”

“ನಿನ್ನೆ ಯಾವ ಪಟ್ಟಿಯನ್ನೂ ನೋಡಿಲ್ಲ ಅಂದಿರಿ,” ಪೆನ್ಸಿಲ್ ಮೇಡಂ ಟಪಾಲು ಪುಸ್ತಕವನ್ನು ಮೇಜಿನ ಮೇಲಿಟ್ಟರು. “ಇದನ್ನ ಬರೆದದ್ದು ಈ ಹುಡುಗಿ. ಹುಚ್ಚಿನ ಹಾಗೆ ಅಚ್ಚುಕಟ್ಟು. ಮೊದಲ ಪಟ್ಟಿ, ನೂರ ನಲವತ್ತೆರಡು ಮನೆ. ಐದು ಪ್ರತಿ. ಮುಖ್ಯಾಧಿಕಾರಿ, ನೀರು, ಆರೋಗ್ಯ, ಕಂದಾಯ, ಯೋಜನೆ. ಐದು ಸಹಿ. ಐದನೆಯದು ನಿಮ್ಮದು. ಹತ್ತು ದಿನದ ಮೇಲೆ ಎರಡನೆಯ ಪಟ್ಟಿ, ನೂರ ನಲವತ್ತಮೂರು ಮನೆ. ಹೊಸದು ಕೊಟ್ಟು ಹಳೆಯದನ್ನ ವಾಪಸು ಪಡೆದು, ಎದುರಿಗೇ ಹರಿದು ಹಾಕಿದ್ದಾಳೆ. ನಾಲ್ಕು ಸಹಿ. ಐದನೆಯ ಕಡೆ ಏನಾಯ್ತು, ನೀನೇ ಹೇಳು.”

ಸಮೀಕ್ಷಕಿ ಗೋಡೆ ಬಿಟ್ಟು ಮುಂದೆ ಬಂದಳು. “ಸಾರ್ ತಗೊಳ್ಳಲಿಲ್ಲ. ಆ ಬೀದಿಗೂ ನಮಗೂ ಸಂಬಂಧ ಇಲ್ಲ, ಪದೇಪದೇ ಕಾಗದ ತಂದು ತಲೆ ತಿನ್ಬೇಡ ಅಂದ್ರು. ಹಳೇದನ್ನಾದ್ರೂ ಕೊಡಿ ಸಾರ್ ಅಂದೆ. ಎಲ್ಲಿ ಎಸೆದೆನೋ ಅಂದ್ರು.”

“ನೂರ ನಲವತ್ತೆರಡು ಮನೆಯ ಪಟ್ಟಿ ಈ ಊರಲ್ಲಿ ಉಳಿದದ್ದು ಒಂದೇ,” ಪೆನ್ಸಿಲ್ ಮೇಡಂ ಹೇಳಿದರು. “ಏಣಿ ಕೆಲಸದವನ ಜೇಬಿನಲ್ಲಿತ್ತು. ಇಗೋ. ಮೂಲೆಯಲ್ಲಿ ಯೋಜನಾ ವಿಭಾಗದ ಸ್ವೀಕೃತಿ ಮುದ್ರೆ. ಹೊಸ ಪಟ್ಟಿಯನ್ನ ಕೈಗೆ ತಗೊಂಡಿದ್ದರೆ ಅಜ್ಜಿಯ ಫಲಕವೂ ಹೋಗ್ತಿತ್ತು, ಬಹುಶಃ ನಾನು ಗುಜರಿ ಅಂಗಡಿಗಳನ್ನೇ ಸುತ್ತುತ್ತಿದ್ದೆ. ಆ ಬೀದಿಯ ಇನ್ನೊಂದು ಕಾಗದ ಮುಟ್ಟೋಕೂ ನಿಮಗೆ ಬೇಸರವಾಯ್ತು.”

ಯೋಜನಾಧಿಕಾರಿ ಕನ್ನಡಕ ತೆಗೆದು ಒರೆಸಿದರು. ದನಿ ಬದಲಾಗಿತ್ತು. “ಸರಿ. ಅಂತಿಮ ನಕ್ಷೆ ಮಂಜೂರಾಗುವ ಮೊದಲು ಹಾಕಿದ ಫಲಕ ಅನಧಿಕೃತ. ನಾನು ನಿಯಮ ಪಾಲಿಸಿದ್ದೇನೆ.”

“ನಿಯಮ ಪಾಲಿಸುವವರು ಆದೇಶ ಬರೀತಾರೆ. ನೀವು ಬಾಯಲ್ಲಿ ಹೇಳಿದಿರಿ. ಬೀದಿ ಖಾಲಿ ಇರೋ ಹೊತ್ತು ನೋಡಿ ಕಳಿಸಿದಿರಿ. ನಿನ್ನೆ ನಾನು ಕೇಳಿದಾಗ ಕಳ್ಳತನ ಅಂದಿರಿ. ಒಬ್ಬ ಗುಜರಿಯವನಿಗೆ ಹೊಡೆತ ಬಿತ್ತು. ನೀವು ಛತ್ರಿ ಹಿಡಿದು ಮನೆಗೆ ಹೋದಿರಿ.”

“ನನಗೆ ಅದರಿಂದ ಏನು ಲಾಭ?”

“ಲಾಭ ಇಲ್ಲ. ನಿಮ್ಮ ಸಹಿ ಇದೆ. ಆರು ವರ್ಷದ ಹಿಂದೆ ‘ಸ್ಥಳ ಪರಿಶೀಲಿಸಲಾಗಿದೆ’ ಅಂತ ಬರೆದಿರಿ. ಇವತ್ತು ಅಲ್ಲಿ ನೂರ ನಲವತ್ತಮೂರು ಮನೆ ಎಣಿಸಿದರೆ ಆ ಸಹಿ ಸುಳ್ಳಾಗುತ್ತೆ. ಸಹಿ ಉಳಿಸಿಕೊಳ್ಳೋಕೆ ಬೀದಿಯನ್ನ ಅಳಿಸಿದಿರಿ.” ಪೆನ್ಸಿಲ್ ಮೇಡಂ ಮೊದಲ ಬಾರಿಗೆ ದನಿ ಏರಿಸಿದರು. “ಈ ಕಟ್ಟಡದಿಂದ ಆ ಬೀದಿಗೆ ಹನ್ನೊಂದು ನಿಮಿಷದ ದಾರಿ. ಬೆಳಿಗ್ಗೆ ನಡೆದು ನೋಡಿದೆ. ನೀವು ಹನ್ನೊಂದು ನಿಮಿಷ ನಡೆಯಲಿಲ್ಲ. ಅದಕ್ಕೆ ಅವರು ಆರು ವರ್ಷ ನೀರು ಹೊತ್ತರು.”

“ಬೇರೆಯವರೂ ನೋಡಿರಲಿಲ್ಲ,” ಯೋಜನಾಧಿಕಾರಿ ಹೇಳಿದರು. “ಯಾರೂ ಕೇಳಿಯೂ ಇರಲಿಲ್ಲ.”

“ನಾವು ಕೇಳಿದ್ವಿ.” ಮಾತಾಡಿದವನು ಮೇಸ್ತ್ರಿ. ಮೆಲ್ಲಗೆ ಹೇಳಿದ. “ಮೂರು ಸಲ ಅರ್ಜಿ ಕೊಟ್ಟಿದ್ದೀವಿ ಸಾರ್. ವಿಳಾಸ ಸರಿಯಿಲ್ಲ ಅಂತ ವಾಪಸು ಬಂತು.”

ಮುಖ್ಯಾಧಿಕಾರಿ ಟಪಾಲು ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. ಮೊದಲ ಪಟ್ಟಿಯಲ್ಲೂ ಎರಡನೆಯದರಲ್ಲೂ ಅವರ ಸಹಿ ಇತ್ತು; ಅವರೂ ಆ ಬೀದಿ ನೋಡಿರಲಿಲ್ಲ. ಆಮೇಲೆ ಗಂಟೆ ಒತ್ತಿದರು. “ಉಗ್ರಾಣದ ಕೀಲಿ ತರಿಸಿ.”

*

ಒಂಬತ್ತೂಕಾಲಿಗೆ ಗೋಣಿ ಹೊದಿಸಿದ ಕೈಗಾಡಿ ಕೆಳಬೀದಿಗೆ ಬಂತು. ಸ್ಕ್ರೂಗಳು ಗೋಡೆಯಲ್ಲೇ ಇದ್ದವು, ಬೇಕಾದದ್ದು ಸ್ಕ್ರೂಡ್ರೈವರ್. ಬೀದಿಯಲ್ಲಿ ಹತ್ತು ಸ್ಕ್ರೂಡ್ರೈವರ್ ಒಟ್ಟಿಗೆ ಇದ್ದದ್ದು ಒಂದೇ ಮನೆಯಲ್ಲಿ.

ಮೇಸ್ತ್ರಿ ಓಣಿಯಲ್ಲಿ ನಿಂತು ತಲೆ ಕೆರೆದುಕೊಂಡ. “ಸ್ಕ್ರೂಡ್ರೈವರ್ ಬೇಕಿತ್ತು.”

“ಕಳ್ಳನ ಮನೇಲಿ ಕೇಳ್ತಿದ್ದೀಯಾ?” ಅಳಿಯ ಕೇಳಿದ.

“ಕೇಳ್ತಿದ್ದೀನಿ. ಕೊಡು.”

“ಬಾಯಿಬಿಟ್ಟು ಇನ್ನೇನಾದ್ರೂ ಹೇಳೋದಿದೆಯಾ?”

“ತಪ್ಪಾಯ್ತು. ಅಂಗಿ ಹರಿದಿದ್ದು ನಾನೇ.”

“ಕೊಡೋ, ಕೊಡು,” ಒಳಗಿನಿಂದ ಅಜ್ಜಿ. “ಅವನ ಮುಖ ನನಗೆ ಕಾಣಲ್ಲ, ಆದ್ರೂ ಸಾಕಷ್ಟು ಇಳಿದಿರಬೇಕು.”

ಹತ್ತು ಐವತ್ತಕ್ಕೆ ಕೊನೆಯ ಸ್ಕ್ರೂ ತಿರುಗಿತು. ಹನ್ನೊಂದು ಐದಕ್ಕೆ ಮೂರು ಜನರ ತಪಾಸಣಾ ತಂಡ ಬಂತು. ಒಂದರಿಂದ ಶುರುಮಾಡಿ, ಓಣಿಯೊಳಗೂ ಹೋಗಿ, ಒಂದೂಕಾಲಿಗೆ ಎಣಿಕೆ ಮುಗಿಸಿದರು. ಕಾಗದದಲ್ಲಿ ಬರೆದ ಸಂಖ್ಯೆ: ನೂರ ನಲವತ್ತಮೂರು.

ಯೋಜನಾಧಿಕಾರಿಯನ್ನು ಹದಿನಾಲ್ಕು ದಿನ ಅಮಾನತಿನಲ್ಲಿಟ್ಟು, ನಂತರ ಅದೇ ಹುದ್ದೆಯಲ್ಲಿ ಬೇರೆ ಊರಿಗೆ ವರ್ಗ ಮಾಡಲಾಯಿತು. ಕೆಳಬೀದಿಯಲ್ಲಿ ಕೊಳವೆಗೆ ಅಗೆಯುವ ಕೆಲಸ ಎಣಿಕೆಯಾದ ಎಂಟನೆಯ ತಿಂಗಳಲ್ಲಿ, ಹೆದ್ದಾರಿಯ ಕಡೆಯ ತುದಿಯಿಂದ ಶುರುವಾಯಿತು.